ಮಸಿ ಬಳಿದವರು ಯಾರು?

ಒಬ್ಬರ ಮಾನ ಕಳೆಯುವುದಕ್ಕೆ ನಾವು ಕನ್ನಡದಲ್ಲಿ 'ಮುಖಕ್ಕೆ ಮಸಿ ಬಳಿಯುವುದು' ಅನ್ನುತ್ತೇವೆ. ಕಪ್ಪಾದರೆ ಮಾನ ಹೋಯಿತು ಎಂದು ಅರ್ಥ. ಯಾರೂ ಈ ಮಾತನ್ನು ತೂಗಿ ನೋಡಿ ಆಡುವುದಿಲ್ಲ. ಆಡಲಿ ಬಿಡಿ, ಭಾಷೆ ಅಂದಮೇಲೆ ಇಂಥವು ಹತ್ತಾರು ಇರುತ್ತವೆ. ಆದರೆ ಬಿಜಾಪುರದಲ್ಲಿರುವ ನನ್ನ ಹಳೆಯ ಗೆಳೆಯನೊಬ್ಬ ಫೋನಿಗೆ ಒಂದು ಚಿತ್ರ ಕಳಿಸಿ, ಅದರ ಕೆಳಗೆ "ಇತಿಹಾಸಕ್ಕ ಮಸಿ ಬಳಿಯೂದು ಅಂದ್ರ ಇದ ನೋಡಪಾ" ಎಂದು ಬರೆದಾಗ ನನಗೆ ಸುಮ್ಮನಿರಲು ಆಗಲಿಲ್ಲ. ಅವನೊಬ್ಬನ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇದೇ ಮಾತನ್ನು ಇಲ್ಲಿ ಚೆನ್ನೈಯ ಕನ್ನಡಿಗರ ಬಾಯಲ್ಲೂ ಕೇಳಿದ್ದೇನೆ, ಬೆಂಗಳೂರಿನ ನೆಂಟರ ಬಾಯಲ್ಲೂ ಕೇಳಿದ್ದೇನೆ. ಹಾಗಾಗಿ ಊರಲ್ಲಿರುವ ನಿಮಗೆಲ್ಲ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ.

ಅವನು ಕಳಿಸಿದ ಚಿತ್ರ ಅಮೆರಿಕದ ಕೆಹಿಂಡೆ ವೈಲಿ ಎಂಬ ಕಲಾವಿದ 2005ರಲ್ಲಿ ಬರೆದದ್ದು. ನೆಪೋಲಿಯನ್ ಆಲ್ಪ್ಸ್ ಪರ್ವತ ದಾಟುವ ಪ್ರಸಿದ್ಧ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಮುಂಗಾಲೆತ್ತಿ ನಿಂತ ಬಿಳಿ ಕುದುರೆ, ಗಾಳಿಗೆ ಹಾರುವ ನಿಲುವಂಗಿ, ಮುಂದಕ್ಕೆ ಚಾಚಿದ ಕೈ. ವೈಲಿ ಅದೇ ಕುದುರೆ, ಅದೇ ಭಂಗಿ ಇಟ್ಟುಕೊಂಡು, ಮೇಲೆ ಇವತ್ತಿನ ಬೀದಿಯ ಒಬ್ಬ ಕರಿಯ ಯುವಕನನ್ನು ಕೂರಿಸಿದ್ದಾನೆ. ತಲೆಗೆ ಬಟ್ಟೆ ಕಟ್ಟಿದ್ದಾನೆ, ಮೈಮೇಲೆ ಮಿಲಿಟರಿ ಅಚ್ಚಿನ ಉಡುಪು, ಕಾಲಿಗೆ ಲೇಸಿನ ಬೂಟು. ಹಿಂದೆ ಪರ್ವತದ ಆಕಾಶವಿಲ್ಲ, ಕೆಂಪು-ಬಂಗಾರದ ಜರಿ ಬಳ್ಳಿಯ ಗೋಡೆ ಇದೆ. ಮೂಲ ಚಿತ್ರದ ಬಂಡೆಯ ಮೇಲೆ ಬೋನಪಾರ್ಟೆ, ಹ್ಯಾನಿಬಾಲ್, ಷಾರ್ಲಮೇನ್ ಹೆಸರು ಕೆತ್ತಿದೆ. ವೈಲಿ ಅವುಗಳ ಜೊತೆ 'ವಿಲಿಯಮ್ಸ್' ಎಂದು ಇನ್ನೊಂದು ಹೆಸರು ಸೇರಿಸಿದ್ದಾನೆ. ಬ್ರೂಕ್ಲಿನ್ ವಸ್ತುಸಂಗ್ರಹಾಲಯ ಇದನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡಿದೆ.

"ನೆಪೋಲಿಯನ್ ಕರಿಯ ಇದ್ನೇನು? ಸುಳ್ಳಲ್ಲೇನಿದು?" ಇದು ಗೆಳೆಯನ ಪ್ರಶ್ನೆ.

ಸುಳ್ಳು ಹೌದು. ಆದರೆ ಮೊದಲ ಚಿತ್ರ ನಿಜವೇ? ಝಾಕ್ ಲೂಯಿ ದಾವಿದ್ ಅದನ್ನು ಬರೆದದ್ದು 1801ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ನೆಪೋಲಿಯನ್ ಆ ಕಣಿವೆ ದಾಟಿದ್ದು ಕುದುರೆಯ ಮೇಲಲ್ಲ, ಹೇಸರಗತ್ತೆಯ ಮೇಲೆ. ಅದನ್ನು ಹಿಡಿದು ನಡೆಸಿದವನು ಒಬ್ಬ ಸ್ಥಳೀಯ. ಸೈನ್ಯ ಮುಂದೆ ಹೋಗಿ ದಾರಿ ಮಾಡಿದ ಮೇಲೆ ಸಾಹೇಬರು ಹಿಂದಿನಿಂದ ಬಂದರು. ಸಾಹೇಬರಿಗೆ ಚಿತ್ರಕಾರನ ಮುಂದೆ ಕೂರುವ ವ್ಯವಧಾನವೂ ಇರಲಿಲ್ಲ. ರೊಚ್ಚಿಗೆದ್ದ ಕುದುರೆಯ ಮೇಲೆ ಶಾಂತವಾಗಿ ಕೂತಂತೆ ಬರೆ ಎಂದರು, ಬರೆದ. ಅರ್ಧ ಶತಮಾನದ ನಂತರ ದೆಲಾರೋಶ್ ಎಂಬ ಇನ್ನೊಬ್ಬ ಕಲಾವಿದ ಹೇಸರಗತ್ತೆ ಸಮೇತ ಚಳಿಯಲ್ಲಿ ಮುದುಡಿದ ನೆಪೋಲಿಯನ್ನನನ್ನು ಬರೆದ. ಅದನ್ನು ಕ್ಯಾಲೆಂಡರಿನಲ್ಲಿ ಯಾರೂ ಅಚ್ಚು ಹಾಕಲಿಲ್ಲ. ಎರಡು ನೂರು ವರ್ಷ ಕುದುರೆಯ ಸುಳ್ಳನ್ನು ಸಂತೋಷವಾಗಿ ನುಂಗಿದವರಿಗೆ ಸವಾರನ ಬಣ್ಣ ಬದಲಾದ ಕೂಡಲೇ ಸತ್ಯದ ನೆನಪು ಬರುತ್ತದೆ.

ಪರದೇಶದ ಉದಾಹರಣೆ ಸಾಕು ಅಂತೀರಾ? ಜಹಾಂಗೀರನ ಆಸ್ಥಾನದ ಅಬುಲ್ ಹಸನ್ ಸುಮಾರು 1616ರಲ್ಲಿ ಬರೆದ ಒಂದು ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಬಾದಶಹ ಭೂಗೋಳದ ಮೇಲೆ ನಿಂತಿದ್ದಾನೆ. ಎದುರಿಗೆ ಈಟಿಯ ತುದಿಯಲ್ಲಿ ಒಬ್ಬ ಕರಿಯನ ಕಡಿದ ತಲೆ, ಜೊತೆಗೊಂದು ಗೂಬೆ. ಬಾದಶಹ ಆ ತಲೆಗೆ ಬಾಣ ಹೂಡಿದ್ದಾನೆ. ಆ ತಲೆ ಮಲಿಕ್ ಅಂಬರನದು. ಇಥಿಯೋಪಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದು, ಸ್ವಲ್ಪ ಕಾಲ ನಮ್ಮ ಬಿಜಾಪುರದ ಚಾಕರಿಯಲ್ಲೂ ಇದ್ದು, ಕಡೆಗೆ ಅಹಮದ್‌ನಗರದ ರಾಜ್ಯವನ್ನು ತಾನೇ ನಡೆಸಿದವನು. ಜಹಾಂಗೀರನಿಗೆ ಆ ತಲೆ ಎಂದೂ ಸಿಗಲಿಲ್ಲ. ಅಂಬರ್ 1626ರಲ್ಲಿ ಮುದುಕನಾಗಿ ತನ್ನ ಸಾವು ತಾನು ಸತ್ತ. ರಣರಂಗದಲ್ಲಿ ಆಗದ್ದನ್ನು ಬಾದಶಹ ಕುಂಚದಲ್ಲಿ ಮಾಡಿಸಿಕೊಂಡ. ಇದನ್ನು 'ಇತಿಹಾಸಕ್ಕೆ ಮಸಿ' ಎಂದವರನ್ನು ನಾನಿನ್ನೂ ಕಂಡಿಲ್ಲ. ಮೊಘಲ್ ಚಿತ್ರಕಲೆಯ ಅದ್ಭುತ ಎಂದೇ ಎಲ್ಲರೂ ಕೊಂಡಾಡುತ್ತಾರೆ. ಕಲೆಯಾಗಿ ಅದ್ಭುತವೇ, ನನಗೇನೂ ತಕರಾರಿಲ್ಲ.

ಇನ್ನೂ ಹತ್ತಿರ ಬರೋಣ. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ಬರೆದಿಟ್ಟಿದ್ದಾನೆ: ರಾಯ ಮಧ್ಯಮ ಎತ್ತರದವನು, ಬೆಳ್ಳಗಿದ್ದಾನೆ, ತೆಳ್ಳಗಿರುವುದಕ್ಕಿಂತ ತುಸು ದಪ್ಪವೇ, ಮುಖದಲ್ಲಿ ಸಿಡುಬಿನ ಕಲೆಗಳಿವೆ. ನಮ್ಮ ಕ್ಯಾಲೆಂಡರಿನ ರಾಯನ ಮುಖದಲ್ಲಿ ಒಂದಾದರೂ ಸಿಡುಬಿನ ಕಲೆ ಕಂಡಿದ್ದೀರಾ? ಬೆಳ್ಳಗಿದ್ದ ಎಂಬುದನ್ನು ಮಾತ್ರ ತಪ್ಪದೆ ಉಳಿಸಿಕೊಂಡಿದ್ದೇವೆ. ಪಾಯೆಸ್ ಏನಾದರೂ 'ಕಪ್ಪಗಿದ್ದ' ಎಂದು ಬರೆದಿದ್ದರೆ ಕಲೆಯ ಜೊತೆ ಆ ಬಣ್ಣವನ್ನೂ ಒರೆಸಿ ಹಾಕುತ್ತಿದ್ದೆವು ಎಂದು ನಾನು ಬಾಜಿ ಕಟ್ಟಲು ತಯಾರಿದ್ದೇನೆ.

ಹೀಗೆಂದ ಮಾತ್ರಕ್ಕೆ ವೈಲಿಯ ಕುದುರೆಗೆ ನಾನು ಜೈಕಾರ ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಆ ಚಿತ್ರ ಇಷ್ಟ, ಅದರ ಧಿಮಾಕು ಇಷ್ಟ. ಬೀದಿಯಲ್ಲಿ ಸಿಕ್ಕ ಹುಡುಗರಿಗೆ ಹಳೆಯ ಚಿತ್ರಗಳ ಪುಸ್ತಕ ಕೊಟ್ಟು, "ಇದರಲ್ಲಿ ಯಾರ ಹಾಗೆ ನಿಲ್ಲುತ್ತೀಯಪ್ಪಾ, ನೀನೇ ಆರಿಸು" ಎಂದು ಕೇಳಿ ಬರೆಯುವ ಅವನ ಪದ್ಧತಿಯೂ ಇಷ್ಟ. ಆದರೆ ಸವಾರ ಬದಲಾದರೂ ಕುದುರೆ ಅದೇ. ದೊಡ್ಡವನು ಎಂದರೆ ಕುದುರೆ ಮೇಲೆ ಕೂತವನು ಎಂಬ ಲೆಕ್ಕ ಬದಲಾಗುವುದಿಲ್ಲ. ಲಗಾಮು ಹಿಡಿದು ನಡೆಸಿದವನ ಕಡೆ ಯಾರೂ ತಿರುಗುವುದಿಲ್ಲ. ನಮ್ಮಲ್ಲೂ ಪ್ರತಿ ಜಾತಿಯವರೂ ತಮ್ಮದೊಂದು ಕುದುರೆ, ತಮ್ಮದೊಬ್ಬ ಸವಾರ ಎಂದು ಸರ್ಕಲ್ಲಿಗೊಂದು ಪ್ರತಿಮೆ ನಿಲ್ಲಿಸುತ್ತಿರುವುದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮನಸ್ಸು ಹಿಡಿದವನು ಇನ್ನೊಬ್ಬ. ಟೈಟಸ್ ಕೇಫರ್. 1976ರಲ್ಲಿ ಮಿಷಿಗನ್ನಿನ ಕಾಲಮಜೂ ಎಂಬ ಊರಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿತವನು. ಕಾಲೇಜಿನಲ್ಲಿ ಕಲೆಯ ಇತಿಹಾಸದ ತರಗತಿಗೆ ಹೋದಾಗ ದಪ್ಪ ಪುಸ್ತಕದಲ್ಲಿ ಕರಿಯರ ಬಗ್ಗೆ ಒಂದು ಸಣ್ಣ ಭಾಗ ಇತ್ತಂತೆ. ಆ ಪಾಠ ಬಂದಾಗ ಮೇಷ್ಟ್ರು, ಸಮಯ ಸಾಲದು, ಇದನ್ನು ಬಿಟ್ಟು ಮುಂದೆ ಹೋಗೋಣ ಎಂದರಂತೆ. ಅವನೇ ಹೇಳಿಕೊಂಡ ಸಂಗತಿ ಇದು. ಅಲ್ಲಿಂದ ಅವನು ಹಳೆಯ ಚಿತ್ರಗಳ ಮೂಲೆಗಳಲ್ಲಿ ನಿಂತ ಕರಿಯರನ್ನು ಹುಡುಕುತ್ತ ಹೊರಟ.

2017ರಲ್ಲಿ ಅವನು ಒಂದು ಸಭೆಯ ವೇದಿಕೆಯ ಮೇಲೆ ಮಾಡಿದ ಕೆಲಸ ಹೀಗಿತ್ತು. ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್ ಬರೆದ ಶ್ರೀಮಂತ ಕುಟುಂಬವೊಂದರ ಚಿತ್ರವನ್ನು ತಾನೇ ನಕಲು ಮಾಡಿ ತಂದಿದ್ದ. ಅಪ್ಪ, ಅಮ್ಮ, ಮಕ್ಕಳು, ಹಿಂದೆ ಒಬ್ಬ ಕರಿಯ ಹುಡುಗ. ಅಗಲದ ಬ್ರಷ್ ಬಿಳಿ ಬಣ್ಣದಲ್ಲಿ ಅದ್ದಿ, ಮಾತಾಡುತ್ತಲೇ ಯಜಮಾನನ ಮೇಲೆ, ಯಜಮಾನಿಯ ಮೇಲೆ, ಅವರ ಲೇಸಿನ ಕಾಲರುಗಳ ಮೇಲೆ ಬಳಿಯುತ್ತ ಹೋದ. ಆ ಹೆಂಗಸಿನ ಲೇಸಿನ ಬಗ್ಗೆ ಸಿಗುವಷ್ಟು ಮಾಹಿತಿ ಈ ಹುಡುಗನ ಬಗ್ಗೆ ಸಿಗುವುದಿಲ್ಲ ಎಂದ. ಕೊನೆಗೆ ಕಣ್ಣಿಗೆ ಬೀಳುವವನು ಆ ಹುಡುಗ ಒಬ್ಬನೇ. ಇನ್ನೊಂದು ಸಂಗತಿ ಹೇಳಲೇಬೇಕು: ಅವನು ಬಳಿದ ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸಿದೆ. ಕಾಲ ಕಳೆದ ಹಾಗೆ ಅದು ಪಾರದರ್ಶಕವಾಗುತ್ತದೆ, ಮುಚ್ಚಿಹೋದವರು ಮತ್ತೆ ಕಾಣಿಸಿಕೊಳ್ಳುತ್ತಾರೆ. ಯಾರನ್ನೂ ಅಳಿಸುವುದು ಅವನ ಉದ್ದೇಶವಲ್ಲ, ಒಂದಷ್ಟು ಹೊತ್ತು ಈ ಕಡೆ ನೋಡಿ ಎನ್ನುವುದಷ್ಟೇ. ಮಸಿಯ ಬದಲು ಬಿಳಿ ಬಳಿದು ಸತ್ಯ ತೋರಿಸಿದ. ನನ್ನ ಗೆಳೆಯ ಇದನ್ನು ಏನೆಂದು ಕರೆಯುತ್ತಾನೋ ಕೇಳಬೇಕು.

ಈ ಕೇಫರ್ 2016ರಲ್ಲಿ ಮಾಡಿದ ಇನ್ನೊಂದು ಕೃತಿ ನನ್ನನ್ನು ನಾನಿರುವ ಈ ಊರಿಗೇ ತಂದು ನಿಲ್ಲಿಸಿತು. ಅದಕ್ಕೆ ಆಧಾರ ಯೇಲ್‌ನಲ್ಲಿರುವ ಒಂದು ಗುಂಪುಚಿತ್ರ. ಸುಮಾರು 1719ರದ್ದು. ಮೇಜಿನ ಸುತ್ತ ವಿಗ್ ಧರಿಸಿದ ಗಂಡಸರು ಕೂತಿದ್ದಾರೆ, ದ್ರಾಕ್ಷಾರಸ, ಹೊಗೆ ನಡೆದಿದೆ. ಹಿಂದೆ ಹುಲ್ಲಿನ ಮೇಲೆ ಬಿಳಿಯ ಮಕ್ಕಳು ಆಡುತ್ತಿವೆ. ಬಲಗಡೆ, ಆ ಮಕ್ಕಳ ವಾರಿಗೆಯ ಒಬ್ಬ ಕರಿಯ ಹುಡುಗ ಪಾನೀಯ ಕೊಡಲು ನಿಂತಿದ್ದಾನೆ. ಅವನ ಕೊರಳಲ್ಲಿ ಬೀಗ ಹಾಕಿದ ಲೋಹದ ಪಟ್ಟಿ. ನಮ್ಮಲ್ಲಿ ನಾಯಿಗೆ ಹಾಕುತ್ತಾರಲ್ಲ, ಅಂಥದು. ಮೇಜಿನ ನಡುವೆ ಕೂತ ಮುಖ್ಯಸ್ಥ ಎಲಿಹು ಯೇಲ್. ಆ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಮಹಾನುಭಾವ.

ಕೇಫರ್ ಈ ಚಿತ್ರವನ್ನು ತಾನೇ ಬರೆದು, ಗಂಡಸರಿರುವ ಕ್ಯಾನ್ವಾಸನ್ನೆಲ್ಲ ಹಳೆ ಬಟ್ಟೆಯಂತೆ ಮುದುಡಿಬಿಟ್ಟ. ಹುಡುಗನ ಮುಖವೊಂದನ್ನು ಮಾತ್ರ ಸರಿಯಾಗಿ ಬಿಡಿಸಿ, ಅದಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿದ. ಕೊರಳಿನ ಪಟ್ಟಿ ತೆಗೆದುಹಾಕಿದ. ಮೂಲದಲ್ಲಿ ಯಜಮಾನರ ಕಡೆ ನೋಡುತ್ತಿದ್ದವನು ಇಲ್ಲಿ ನೆಟ್ಟಗೆ ನಮ್ಮನ್ನೇ ನೋಡುತ್ತಾನೆ. ಚಿತ್ರದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ನಿಮ್ಮ ಕತೆ ಸಾಕು' ಎನ್ನಬಹುದು. 2020ರ ಅಕ್ಟೋಬರಿನಲ್ಲಿ ಯೇಲ್‌ನ ಬ್ರಿಟಿಷ್ ಕಲಾ ಕೇಂದ್ರ ಹಳೆಯ ಗುಂಪುಚಿತ್ರವನ್ನು ಗೋಡೆಯಿಂದ ಇಳಿಸಿ, ಕೆಲವು ತಿಂಗಳು ಕೇಫರನ ಚಿತ್ರವನ್ನು ಎರವಲು ತಂದು ಅಲ್ಲಿ ತೂಗಿತು. ಹುಡುಗ ಯಾರೆಂದು ಕಾಗದಪತ್ರಗಳಲ್ಲಿ ಹುಡುಕಿಸಿತು. ಆಮೇಲೆ ಹಳೆಯದನ್ನು ಹೊಸ ವಿವರಣೆಯೊಂದಿಗೆ ಮತ್ತೆ ಹಾಕಿದರು. ಹುಡುಗನ ಹೆಸರು ಸಿಗಲಿಲ್ಲ.

ಎಲಿಹು ಯೇಲ್ ದುಡ್ಡು ಮಾಡಿದ್ದು ಎಲ್ಲಿ ಗೊತ್ತೇ? ಇಲ್ಲಿ, ಮದರಾಸಿನಲ್ಲಿ. 1672ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಬಂದವನು 1687ರಿಂದ 1692ರವರೆಗೆ ಸೇಂಟ್ ಜಾರ್ಜ್ ಕೋಟೆಯ ಗವರ್ನರ್. ಸ್ವಂತ ವ್ಯಾಪಾರದಲ್ಲಿ ಗೋಲ್‌ಮಾಲ್ ಮಾಡಿದನೆಂದು ಕಂಪನಿಯೇ ಕೆಲಸದಿಂದ ತೆಗೆಯಿತು. ಅಷ್ಟರಲ್ಲಿ ವಜ್ರ, ಬಟ್ಟೆ ಅಂತ ಸಾಕಷ್ಟು ಕಟ್ಟಿಕೊಂಡಿದ್ದ. 1718ರಲ್ಲಿ ಅಮೆರಿಕದ ಒಂದು ಬಡ ಕಾಲೇಜಿಗೆ ಒಂಬತ್ತು ಗಂಟು ಸರಕು, 417 ಪುಸ್ತಕ, ರಾಜನದೊಂದು ಚಿತ್ರ ಕಳಿಸಿಕೊಟ್ಟ. ಸರಕು ಮಾರಿದಾಗ 560 ಪೌಂಡಿಗೂ ಹೆಚ್ಚು ಬಂತು. ಕಾಲೇಜಿಗೆ ಯೇಲ್ ಎಂದು ಹೆಸರಾಯಿತು. ಇವನ ಕಾಲದಲ್ಲಿಯೇ ಕೋರಮಂಡಲ ತೀರದಲ್ಲಿ ಬರ ಬಿದ್ದು ಜನ ಮಕ್ಕಳನ್ನು ಮಾರುತ್ತಿದ್ದರು. ಕೋಟೆಯಿಂದ ಹೊರಡುವ ಯುರೋಪಿನ ಹಡಗುಗಳಲ್ಲಿ ತಲಾ ಹತ್ತು ಜನ ಗುಲಾಮರಾದರೂ ಹೋಗಬೇಕೆಂಬ ಕಟ್ಟಳೆ ಇತ್ತು. ಕಳ್ಳತನದ ಆರೋಪಕ್ಕೆ ಸಿಕ್ಕ 'ಕರಿಯ ಅಪರಾಧಿ'ಗಳಿಗೆ ಛಡಿ ಏಟು, ಬರೆ, ಗಡೀಪಾರು, ಗುಲಾಮಗಿರಿ.

ಇಲ್ಲಿ 'ಕರಿಯ' ಅಂದರೆ ಯಾರು? ಆಫ್ರಿಕದವರಲ್ಲ ಸ್ವಾಮಿ. ನಾವು. ಕೋಟೆಯ ಒಳಗಿನದು ಬಿಳಿಯರ ಪಟ್ಟಣ, ಹೊರಗಿನದು ಕರಿಯರ ಪಟ್ಟಣ. ಬ್ಲ್ಯಾಕ್ ಟೌನ್ ಎಂದೇ ಅದರ ಹೆಸರು. ಚಕ್ರವರ್ತಿ ಐದನೇ ಜಾರ್ಜ್‌ನ ಗೌರವಕ್ಕೆ ಜಾರ್ಜ್ ಟೌನ್ ಎಂದು ಬದಲಾದದ್ದು 1911ರಲ್ಲಿ. ತಮಿಳರು, ತೆಲುಗರು, ಹೊಟ್ಟೆಪಾಡಿಗೆ ಬಂದು ಸೇರಿದ ಯಾರೇ ಆಗಲಿ, ಸೆಟ್ಟಿಯಾಗಲಿ, ಭಟ್ಟನಾಗಲಿ, ಕಂಪನಿಯ ದಫ್ತರದಲ್ಲಿ ಎಲ್ಲರೂ ಕರಿಯರೇ. ಮದುವೆ ಜಾಹೀರಾತಿನಲ್ಲಿ 'ಗೋಧಿ ಮೈಬಣ್ಣ' ಎಂದು ಬರೆಸಿಕೊಳ್ಳುವ ನಮ್ಮ ಮುತ್ತಜ್ಜಂದಿರನ್ನು ಯೇಲ್ ಸಾಹೇಬ ಆ ಪಟ್ಟಿ ಹಾಕಿದ ಹುಡುಗನಿಂದ ಬೇರೆ ಮಾಡಿ ನೋಡಿದವನಲ್ಲ.

ಚೆನ್ನೈ ಹೈಕೋರ್ಟಿನ ಪಕ್ಕ, ಹಳೆಯ ಲಾ ಕಾಲೇಜಿನ ಆವರಣದಲ್ಲಿ ಎತ್ತರದ ಶಂಕುವಿನಂಥ ಗೋರಿಯೊಂದಿದೆ. ಪ್ಯಾರಿಸ್ ಕಾರ್ನರಿನಲ್ಲಿ ಬಸ್ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಿಗುವಂಥದು. ಯೇಲ್‌ನ ಮಗ ಡೇವಿಡ್‌ನನ್ನು ಅಲ್ಲಿ ಹೂಳಿದ್ದಾರೆ. 1684ರಲ್ಲಿ ಹುಟ್ಟಿ 1688ರ ಜನವರಿಯಲ್ಲಿ ತೀರಿಕೊಂಡ ಕೂಸು, ನಾಲ್ಕು ತುಂಬಿರಲಿಲ್ಲ. ತಾಯಿಯ ಮೊದಲ ಗಂಡ ಜೋಸೆಫ್ ಹಿನ್ಮರ್ಸ್ ಕೂಡ ಅಲ್ಲೇ ಇದ್ದಾನೆ. 2023ರಲ್ಲಿ ವಾಹನ ನಿಲುಗಡೆಗೆ ಜಾಗ ಬೇಕೆಂದು ಗೋರಿಯನ್ನು ಬೇರೆಡೆಗೆ ಸರಿಸಲು ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು, ಆ ಆದೇಶದ ಮೇಲೆ ಮೇಲ್ಮನವಿಯಾಯಿತು. ಆ ಸುದ್ದಿ ಓದಿದ ವಾರ ನಾನು ಹೋಗಿ ನೋಡಿ ಬಂದೆ. ಮಗು ಯಾರದಾದರೇನು, ಸತ್ತ ಮಗುವಿನ ಕಲ್ಲಿನ ಮುಂದೆ ನಿಂತಾಗ ಹೊಟ್ಟೆ ಚುರುಕ್ ಎನ್ನುತ್ತದೆ. ಆದರೆ ಇದನ್ನೂ ನೋಡಿ. ಗವರ್ನರನ ಮಗನಿಗೆ ಮುನ್ನೂರ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೆಸರಿದೆ, ಹುಟ್ಟಿದ ದಿನವಿದೆ, ಕಲ್ಲಿದೆ, ಸರಿಸಬೇಕೋ ಬೇಡವೋ ಎಂದು ವಾದಿಸಲು ಎರಡು ಕಡೆ ವಕೀಲರಿದ್ದಾರೆ. ಅದೇ ಗವರ್ನರನ ಮೇಜಿನ ಬಳಿ ನಿಂತ ಹುಡುಗನಿಗೆ ಹೆಸರೂ ಇಲ್ಲ. ಕೇಫರ್ ಚಿನ್ನದ ಚೌಕಟ್ಟು ಹಾಕಿದ್ದು ಈ ಹುಡುಗನಿಗೆ. ಇದನ್ನು ಇತಿಹಾಸಕ್ಕೆ ಮಾಡಿದ ಅಪಚಾರ ಅನ್ನುವವರ ಜೊತೆ ನನಗೆ ಮಾತೇ ಇಲ್ಲ.

ಈಗ ನಮ್ಮ ಬಿಜಾಪುರಕ್ಕೆ ಬರುತ್ತೇನೆ. 2014ರಿಂದ ವಿಜಯಪುರ, ಆದರೆ ಹೊರಗಿದ್ದವರ ನಾಲಿಗೆಯಲ್ಲಿ ಹಳೆಯ ಹೆಸರೇ ಉಳಿದುಬಿಡುತ್ತದೆ. ಶಾಲೆಯಿಂದ ಗೋಲಗುಮ್ಮಟಕ್ಕೆ ನಮ್ಮನ್ನು ಸಾಲಾಗಿ ಕರೆದುಕೊಂಡು ಹೋಗುತ್ತಿದ್ದರು. ಕಂಬವಿಲ್ಲದ ಗುಮ್ಮಟ, ಒಳಗಿನ ಅಗಲ 124 ಅಡಿ, ಕೂಗಿದರೆ ಏಳು ಸಲ ಮಾರ್ದನಿ. ನಾವೆಲ್ಲ ನಮ್ಮ ನಮ್ಮ ಹೆಸರು ಕೂಗಿ ಗಂಟಲು ಹರಿದುಕೊಂಡೆವು. ಕೆಳಗೆ ಮಲಗಿರುವವನು ಮಹಮ್ಮದ್ ಆದಿಲ್ ಶಾಹ, ಆಳಿದ್ದು 1627ರಿಂದ 1656. ಅವನ ರಾಜ್ಯ ನಡೆಸಿದವರಲ್ಲಿ ಮುಖ್ಯನಾದವನು ಇಖ್ಲಾಸ್ ಖಾನ್ ಎಂಬ ಹಬಶಿ, ಅಂದರೆ ಅಬಿಸೀನಿಯ ಮೂಲದ ಕರಿಯ. ಈ ಹೆಸರನ್ನು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಅಮೆರಿಕದ ಮೇಷ್ಟ್ರು ಸಮಯ ಸಾಲದು ಎಂದಾದರೂ ಹೇಳಿದರು.

ಸುಮಾರು 1645ರ ಒಂದು ಬಿಜಾಪುರಿ ಚಿತ್ರವಿದೆ. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಇಬ್ಬರು ಬರೆದದ್ದು. ಬ್ರಿಟಿಷ್ ಕಲಾವಿದ ಹೊವಾರ್ಡ್ ಹಾಜ್‌ಕಿನ್‌ನ ಸಂಗ್ರಹದಲ್ಲಿತ್ತು. ಒಂದು ಭಾರೀ ಆನೆ. ಮೇಲೆ ಮುಂದೆ ಸುಲ್ತಾನ, ಅವನ ಹಿಂದೆಯೇ, ಅದೇ ಆನೆಯ ಮೇಲೆ, ಇಖ್ಲಾಸ್ ಖಾನ್. ಮೈ ಕಪ್ಪು ಕಪ್ಪಾಗಿಯೇ ಇದೆ, ತಿಳಿ ಮಾಡಿಲ್ಲ, ಮರೆಮಾಡಿಲ್ಲ. ಅವನೊಬ್ಬನದೇ ಇನ್ನೊಂದು ಚಿತ್ರ ಅಮೆರಿಕದ ಸ್ಯಾನ್ ಡಿಯಾಗೊ ವಸ್ತುಸಂಗ್ರಹಾಲಯದಲ್ಲಿದೆ. ಕೈಯಲ್ಲಿ ಅರ್ಜಿ ಹಿಡಿದು ನಿಂತ ದರ್ಬಾರಿ ಗತ್ತಿನ ಮನುಷ್ಯ. ನಾನು ಅಮೆರಿಕಕ್ಕೆ ಹೋದವನಲ್ಲ, ಎಲ್ಲವನ್ನೂ ಪುಸ್ತಕಗಳ ಪ್ರತಿಗಳಲ್ಲೇ ನೋಡಿದ್ದು. ಆದರೂ ಒಂದು ಮಾತು ಸ್ಪಷ್ಟ. ವೈಲಿಯಂತೆ ಕುದುರೆಯ ಮೇಲೆ ಹೊಸಬನನ್ನು ಕೂರಿಸುವ ಕಷ್ಟ ನಮಗೆ ಇರಲಿಲ್ಲ, ಕೇಫರನಂತೆ ಮೂಲೆಯಲ್ಲಿ ಹುಡುಕುವ ಕಷ್ಟವೂ ಇರಲಿಲ್ಲ. ನಮ್ಮ ಚಿತ್ರಕಾರರು ಕರಿಯನನ್ನು ಆನೆಯ ಮೇಲೆ ಕೂರಿಸಿಯೇ ಕೊಟ್ಟಿದ್ದರು. ಇಳಿಸಿದವರು ನಾವು.

ಅವನೇನು ಸಂತನಲ್ಲ. ಸೈನ್ಯ ನಡೆಸಿದ, ಅಧಿಕಾರದ ಜಗಳಗಳಲ್ಲಿ ಪಾಲುಗಾರನಾಗಿದ್ದ, ದರ್ಬಾರದಲ್ಲಿ ಇದ್ದವರೆಲ್ಲ ಮಾಡುವುದನ್ನೇ ಮಾಡಿದ. ಅವನನ್ನು ಪೂಜಿಸಿ ಎಂದು ಯಾರು ಹೇಳಿದರು? ಇದ್ದ ಎಂದು ಹೇಳಿ, ಅಷ್ಟು ಸಾಕು.

ನಮ್ಮ ಸಂಘದ ಕತೆ ಕೇಳಿ. ಮೂರು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಮಕ್ಕಳಿಂದ ಕನ್ನಡ ನಾಡಿನ ಚರಿತ್ರೆಯ ಮೆರವಣಿಗೆ ಮಾಡಿಸುವುದೆಂದಾಯಿತು. ಪುಲಕೇಶಿ, ಅಕ್ಕಮಹಾದೇವಿ, ರಾಯ, ಓಬವ್ವ, ಚೆನ್ನಮ್ಮ. ಬಿಜಾಪುರದವನು ಎಂದು ನನ್ನನ್ನೂ ಕೇಳಿದರು. ಇಖ್ಲಾಸ್ ಖಾನನ ಚಿತ್ರ ತೋರಿಸಿದೆ. ಒಬ್ಬ ಹಿರಿಯರು ಕನ್ನಡಕ ಏರಿಸಿ ನೋಡಿ, "ಇವ್ನು ಹೊರಗಿನೋನಲ್ವೇ ಸಾರ್, ಕನ್ನಡ ನಾಡಿನೋನು ಹೇಗಾಗ್ತಾನೆ?" ಎಂದರು. ಇನ್ನೊಬ್ಬರು, "ಮಗೂಗೆ ಕಪ್ಪು ಬಳಿದು ನಿಲ್ಸಿದ್ರೆ ಅದರ ಅಮ್ಮ ನಮ್ಮನ್ನ ಸುಮ್ನೆ ಬಿಡ್ತಾಳಾ?" ಎಂದು ನಕ್ಕರು. ಬಳಿಯುವುದು ಯಾಕೆ, ನಮ್ಮ ಮಕ್ಕಳಲ್ಲಿ ಕಪ್ಪಗಿರುವವರು ಇಲ್ಲವೇ, ಇದ್ದ ಹಾಗೇ ಬಂದು ನಿಲ್ಲಲಿ ಎಂದೆ. ಯಾರೂ ಮಾತಾಡಲಿಲ್ಲ. ಆ ವರ್ಷ ಬಿಜಾಪುರದ ಪಾಲಿಗೆ ಥರ್ಮೋಕೋಲಿನ ಗೋಲಗುಮ್ಮಟ ಬಂತು, ಒಳಗೆ ಯಾರೂ ಇರಲಿಲ್ಲ.

ಹೊರಗಿನವನು! ಈ ಮಾತು ಆಡಿದವರು ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡಿಗರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ರೇಷನ್ ಕಾರ್ಡು ಇಲ್ಲಿಯದು. ಈ ಊರಿನ ಚರಿತ್ರೆ ಬರೆದವರು ಕನ್ನಡಿಗರನ್ನು ಬಿಟ್ಟುಬಿಟ್ಟರು ಎಂದು ಪ್ರತಿ ವಾರ್ಷಿಕ ಸಭೆಯಲ್ಲೂ ಕಣ್ಣೀರು ಹಾಕುತ್ತೇವೆ. ಒಂದು ಬೀದಿಯ ಹೆಸರಲ್ಲಿ, ಒಂದು ಹಳೆ ಛತ್ರದ ಕಲ್ಲಿನಲ್ಲಿ 'ನಾವೂ ಇದ್ದೆವು' ಎಂಬ ಗುರುತು ಸಿಕ್ಕರೆ ಫೋಟೊ ಹೊಡೆದು ಊರಿಗೆಲ್ಲ ಕಳಿಸುತ್ತೇವೆ. ಆ ಅಮೆರಿಕದ ಕಲಾವಿದರು ಮಾಡುತ್ತಿರುವುದೂ ಇದನ್ನೇ ಅಲ್ಲವೇ? ನಮ್ಮ ಪಾಲಿಗೆ ಅಭಿಮಾನ, ಅವರ ಪಾಲಿಗೆ ಇತಿಹಾಸದ್ರೋಹ. ಸಮುದ್ರ ದಾಟಿಸಿ ಮಾರಿಬಿಟ್ಟ ಹುಡುಗ ಒಂದು ರಾಜ್ಯದ ಆಡಳಿತ ಹಿಡಿಯುವಷ್ಟು ಬೆಳೆದು ಅದೇ ಮಣ್ಣಿಗೆ ಸೇರಿದರೆ ಅವನು ಮುನ್ನೂರೈವತ್ತು ವರ್ಷದ ಮೇಲೂ ಹೊರಗಿನವನು. ಹಾಗಾದರೆ ಇಲ್ಲಿ ನಾವು ಯಾರು?

"ಅದು ಅಮೆರಿಕದ ಸಮಸ್ಯೆ, ನಮ್ಮಲ್ಲಿ ಆ ಭೇದ ಇಲ್ಲ" ಎನ್ನುವವರೂ ಇದ್ದಾರೆ. ನಿಜ, ಕರಿಯಪ್ಪ, ಕರಿಯಮ್ಮ, ಕರಿಬಸಪ್ಪ ಎಂದು ಹೆಸರಿಟ್ಟುಕೊಂಡ ಜನ ನಾವು. ಕೃಷ್ಣ ಅಂದರೇ ಕಪ್ಪು. ಎರೆಮಣ್ಣಿನ ಕರಿ ನಾಡು ಕರುನಾಡಾಯಿತು ಎಂದು ಹೇಳುವವರಿದ್ದಾರೆ. ಇಷ್ಟೆಲ್ಲ ಇದ್ದೂ ಹೆಣ್ಣು ನೋಡಿ ಬಂದವರು ಏನನ್ನುತ್ತಾರೆ? "ಕಪ್ಪಗಿದ್ರೂ ಲಕ್ಷಣವಾಗಿದಾಳೆ." ಆ 'ಇದ್ರೂ' ಇದೆಯಲ್ಲ, ಎರಡೇ ಅಕ್ಷರ, ಒಂದು ಹುಡುಗಿಯ ಬಾಳನ್ನೇ ಅರೆದು ಹಾಕುತ್ತದೆ. ನನ್ನ ತಂಗಿಗೆ ಈ ಮಾತು ಎಷ್ಟು ಸಲ ಬಂತು ಎಂದು ನಮ್ಮವ್ವ ಲೆಕ್ಕ ಇಟ್ಟಿದ್ದಳು.

ಭೇದ ಇಲ್ಲದ ನಾಡಿನ ರಾಜಧಾನಿಯಲ್ಲಿ 2016ರ ಜನವರಿ ಕೊನೆಗೆ ಏನಾಯಿತು ನೆನಪು ಮಾಡಿಕೊಳ್ಳಿ. ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಂಗಸು ಸತ್ತಳು. ಆ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ, ದೇಶ ಕೂಡ ಬೇರೆ. ಇದ್ದದ್ದು ಒಂದೇ ಸಂಬಂಧ, ಬಣ್ಣ.

ನಮ್ಮ ಸಿದ್ದಿಗಳನ್ನಂತೂ ಕೇಳುವುದೇ ಬೇಡ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಶತಮಾನಗಳಿಂದ ಇದ್ದಾರೆ. ಗೋವಾದ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಬಂದವರ ಸಂತತಿ ಎಂದು ಹೇಳುತ್ತಾರೆ. ಅವರ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಗಳನ್ನು ನೋಡಿದರೆ ಯಾವ ಕಲಾಶಾಲೆಯೂ ಬೇಡ. ಕನ್ನಡ, ಕೊಂಕಣಿ, ಮರಾಠಿ ಮಾತಾಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಕ್ಕದ ಧಾರವಾಡ, ಬೆಳಗಾವಿಯ ಸಿದ್ದಿಗಳು ಅದಕ್ಕೂ ಕಾಯಬೇಕಾಯಿತು, 2020ರ ತನಕ. ವಿಧಾನ ಪರಿಷತ್ತಿಗೆ ಶಾಂತಾರಾಮ ಸಿದ್ದಿ ನಾಮಕರಣಗೊಂಡದ್ದೂ 2020ರಲ್ಲೇ, ಆ ಸಮುದಾಯದಿಂದ ಅಲ್ಲಿ ಕೂತವರಲ್ಲಿ ಅವರೇ ಮೊದಲಿಗರು. ಚೆನ್ನೈಯ ಆಟೋದವನು ನನಗೆ "ಎಂದ ಊರು ಸಾರ್?" ಎಂದು ಕೇಳುತ್ತಾನೆ. ಅದರಲ್ಲಿ ವಿಶ್ವಾಸವಿದೆ, ಬಿಜಾಪುರ ಎಂದರೆ ಜೋಳದ ರೊಟ್ಟಿಯ ಮಾತು ಬರುತ್ತದೆ. ಅದೇ ಪ್ರಶ್ನೆಯನ್ನು ಬೆಂಗಳೂರಿನ ಬಸ್ಸಿನಲ್ಲಿ ಯಲ್ಲಾಪುರದ ಸಿದ್ದಿ ಹುಡುಗನಿಗೆ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಯಾವ ದೇಶ ಎಂದು. ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ ಎಷ್ಟು ಚೆನ್ನಾಗಿ ಕಲಿತಿದ್ದೀಯಪ್ಪಾ ಎಂದು ಬೆನ್ನು ತಟ್ಟುತ್ತಾರೆ. ನಾನು ಹೊರನಾಡಿಗೆ ಬಂದು ಹೊರನಾಡ ಕನ್ನಡಿಗನಾದೆ. ಅವನನ್ನು ಊರಲ್ಲಿದ್ದಲ್ಲೇ ಹೊರನಾಡಿಗನನ್ನಾಗಿ ಮಾಡಿದ್ದೀರಿ.

ಸುಲ್ತಾನರ ಕಾಲವನ್ನೇ ನೆನೆಯಬಾರದು ಎನ್ನುವ ಇನ್ನೊಂದು ಗುಂಪಿದೆ. ಅವರಿಗೆ ಹೇಳುವುದು ಇಷ್ಟೆ. ಗೋಲಗುಮ್ಮಟದ ಚಿತ್ರವನ್ನು ಪ್ರವಾಸದ ಜಾಹೀರಾತಿಗೆ, ಶಾಲೆಯ ಪುಸ್ತಕಕ್ಕೆ ಹಾಕಿಕೊಂಡವರು ನೀವೇ. ಕಟ್ಟಡ ಬೇಕು, ಅದರ ಕಾಲದ ಜನ ಬೇಡ ಎಂದರೆ ಹೇಗೆ?

ಗೆಳೆಯನಿಗೆ ನಾನು ಆನೆಯ ಮೇಲಿನ ಚಿತ್ರವನ್ನು ಕಳಿಸಿದೆ, ಹೆಸರು ಬರೆಯದೆ. "ಮುಂದ ಕುಂತಾವ ಸುಲ್ತಾನ ಇರಬೇಕು. ಹಿಂದಿನಾಂವ ಯಾರು, ಆಳೇನು?" ಎಂದು ಬರೆದ. ಆಳಲ್ಲ, ನಿಮ್ಮೂರ ಸುಲ್ತಾನನ ವಜೀರ, ನೀನು ದಿನಾ ಸ್ಕೂಟರ್ ಮೇಲೆ ಆ ಗುಮ್ಮಟದ ಮುಂದೇ ಹಾದು ಹೋಗ್ತಿ ಎಂದು ಉತ್ತರಿಸಿದೆ. ಅವನಿಂದ ಇನ್ನೂ ಮಾರುತ್ತರ ಬಂದಿಲ್ಲ.

ನನ್ನ ಕೇಳಿಕೆ ದೊಡ್ಡದಲ್ಲ. ಪ್ರತಿಮೆ ಬೇಡ, ಸರ್ಕಲ್ಲು ಬೇಡ, ಜಯಂತಿ ರಜೆಯಂತೂ ಖಂಡಿತ ಬೇಡ. ಬಿಜಾಪುರದ ಪ್ರತಿ ಸರ್ಕಾರಿ ಶಾಲೆಯ ಗೋಡೆಯ ಮೇಲೆ ಆ ಆನೆಯ ಚಿತ್ರದ ಒಂದು ಒಳ್ಳೆಯ ಪ್ರತಿ, ಮಕ್ಕಳ ಕಣ್ಣೆತ್ತರದಲ್ಲಿ, ಕೆಳಗೆ ಕನ್ನಡದಲ್ಲಿ ಎರಡು ಹೆಸರು: ಮುಂದೆ ಕೂತವನದು, ಹಿಂದೆ ಕೂತವನದು. ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ. ಯಲ್ಲಾಪುರ, ಹಳಿಯಾಳದ ಶಾಲೆಗಳಿಗೂ ಒಂದೊಂದು. ಮೊದಲು ಮುಂದೆ ಬರುವ ಹತ್ತು ಶಾಲೆಗಳಿಗೆ ಅಚ್ಚಿನ ಖರ್ಚು, ಚೌಕಟ್ಟಿನ ಖರ್ಚು ನಾನೇ ಕೊಡುತ್ತೇನೆ. ಮೊಳೆ ಹೊಡೆಯುವ ಕೆಲಸ ನಿಮ್ಮದು.